ಬಿಳಿಗೆ ಐದು, ಕಪ್ಪಿಗೆ ಐದು

ಪಾಳಿಗೆ ಮುನ್ನ ಕರಿಮಣಿ ಬಿಚ್ಚಿ ಲಾಕರಿನಲ್ಲಿಡುತ್ತೇನೆ.
ಕಾಡಿಗೆಯಿಲ್ಲ, ಪೌಡರಿಲ್ಲ, ಬಳೆಯ ಸದ್ದಿಲ್ಲ.
ರಾಸ್ ಅಲ್ ಖೈಮಾದ ಹೊರಗೆ ಶಮಾಲ್ ಗಾಳಿ
ಗುಡ್ಡವನ್ನೇ ಹಿಟ್ಟು ಮಾಡಿ ಬೀದಿಗೆ ಜರಡಿ ಹಿಡಿದಿದೆ;
ಒಳಗೆ, ಮೂರು ಬಾಗಿಲು ದಾಟಿದ ಮೇಲೆ,
ನನ್ನ ರೆಪ್ಪೆಯ ಒಂದು ಕೂದಲಿಗೂ ಪ್ರವೇಶವಿಲ್ಲ.

ಕೆಲಸ ಇಷ್ಟೇ: ಸೀಸೆಯ ಕತ್ತು ಹಿಡಿ,
ಗುಳ್ಳೆ ಏಳದ ಹಾಗೆ ಮೆಲ್ಲಗೆ ಸುತ್ತಿಸು,
ದೀಪದ ಕೆಳಗೆ ಬಿಳಿ ಹಲಗೆಯೆದುರು ಐದು ಎಣಿಸು,
ಕಪ್ಪು ಹಲಗೆಯೆದುರು ಐದು.
ಕರಿ ಚೂರು ಬಿಳಿಗೆ ಹೆದರುತ್ತದೆ, ಬಿಳಿ ನೂಲು ಕಪ್ಪಿಗೆ.
ಗಾಜಿನ ಚಕ್ಕೆ ಮಾತ್ರ ಎರಡಕ್ಕೂ ಜಗ್ಗದೆ
ತಿರುಗುವಾಗ ಒಮ್ಮೆ ಕಣ್ಣು ಮಿಟುಕಿಸಿ ಸಿಕ್ಕಿಬೀಳುತ್ತದೆ.
ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ರಜೆ.
ಆಗ ಗೋಡೆ ನೋಡುತ್ತೇನೆ.
ಗೋಡೆಯಲ್ಲೂ ಏನೋ ತೇಲುತ್ತದೆ.

ಸಂದರ್ಶನದಲ್ಲಿ "ಅನುಭವ?" ಎಂದಿದ್ದರು ಡಾಕ್ಟರ್ ಹಾನಿ.
(ಅರಬಿಯಲ್ಲಿ ಆ ಹೆಸರಿಗೆ ಸಂತೋಷವಂತೆ. ನಮ್ಮಲ್ಲಿ, ಬಿಡಿ.)
ಶಿರ್ವದ ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದ್ದೇನೆ ಎನ್ನಲಿಲ್ಲ,
ಬಿ.ಎಸ್ಸಿ. ಎಂದೆ.

ಪಕ್ಕದ ಕೋಣೆ ಬಿನ್ಸಿಯದು. ಅವಳದು ಕಾಣದ ಲೆಕ್ಕ.
ಕುದಿಸಿದರೂ, ಕೊಂದರೂ, ಸೋಸಿದರೂ
ಸತ್ತ ಕ್ರಿಮಿಯ ಕವಚ ನೀರಿನಲ್ಲೇ ಉಳಿಯಬಹುದಂತೆ;
ಹುಳು ಸತ್ತರೂ ಹಗೆ ಸಾಯದು.
ರಕ್ತಕ್ಕಿಳಿದರೆ ಮೈ ನಡುಗಿ, ಹಲ್ಲು ಕಟಕಟಿಸಿ, ಜ್ವರ.
ಹಿಂದೆ ಮೊಲಗಳಿಗೆ ಚುಚ್ಚಿ ಕಾಯುತ್ತಿದ್ದರು.
ಈಗ, ಎಲ್ಲೋ ದೂರದ ಕಡಲಲ್ಲಿ ಕುದುರೆಲಾಳದಂಥ ಏಡಿ,
ಅದರ ನೀಲಿ ನೆತ್ತರು
ಒಣಗಿ ಪುಡಿಯಾಗಿ, ಚಿಟಿಕೆಯಷ್ಟು.
ಮೂವತ್ತೇಳು ಡಿಗ್ರಿ, ಒಂದು ಗಂಟೆ.
ಗಾಜಿನ ನಳಿಗೆಯನ್ನು ಅವಳು ಉಸಿರು ಬಿಗಿಹಿಡಿದು
ತಲೆಕೆಳಗು ಮಾಡುತ್ತಾಳೆ.
ಜಾರಿ ಬಿದ್ದರೆ ಗೆದ್ದಿತು.
ಮೊಸರಿನ ಹಾಗೆ ಹೆಪ್ಪುಗಟ್ಟಿ ಅಲ್ಲೇ ನಿಂತರೆ
ಇಡೀ ಬ್ಯಾಚು ಭಟ್ಟಿಗೆ.
ಮಾರ್ಚಿನಲ್ಲಿ ಹಾಗೆ ನಿಂತಿತ್ತು ಒಮ್ಮೆ. ನಲವತ್ತು ಸಾವಿರ ಸೀಸೆ.
ಬಿನ್ಸಿ ಆ ದಿನ ಊಟ ಮಾಡಲಿಲ್ಲ.
ಡಾಕ್ಟರ್ ಹಾನಿ ಏನೂ ಅನ್ನದೆ ಅವಳ ಮೇಜಿನ ಮೇಲೆ
ಖರ್ಜೂರದ ಡಬ್ಬ ಇಟ್ಟು ಹೋದರು.

ನನ್ನ ವಲೇರಿಯನ್ನಿಗೆ ಖೋರ್ ಖುವೈರಿನ ಕ್ರಷರಿನಲ್ಲಿ ಕೆಲಸ.
ದಿನವಿಡೀ ಅವನು ಎಬ್ಬಿಸುವುದನ್ನೇ
ದಿನವಿಡೀ ನಾನು ಹುಡುಕುವುದು.
ಬಾಗಿಲಲ್ಲಿ ನಿಂತರೆ ಹುಬ್ಬು ಬೆಳ್ಳಗೆ, ಕಿವಿಯ ಮಡಿಕೆ ಬೆಳ್ಳಗೆ.
"ನನ್ನನ್ನೂ ರಿಜೆಕ್ಟ್ ಮಾಡ್ತೀಯಾ?" ಅನ್ನುತ್ತಾನೆ.
ನಗುತ್ತಾನೆ. ನಗು ಮುಗಿಯುವುದು ಕೆಮ್ಮಿನಲ್ಲಿ.

ಕಳೆದ ಗುರುವಾರ ಮೂವತ್ತೊಂಬತ್ತೂವರೆ ಜ್ವರ.
ಕ್ಲಿನಿಕ್ಕಿನ ನರ್ಸು ಸೀಸೆಗೆ ಸೂಜಿ ಹಾಕುವ ಮುನ್ನ
"ಒಂದು ನಿಮಿಷ ಕೊಡಿ" ಎಂದು ಕೈಚಾಚಿದೆ.
ಪುಟ್ಟ ಅಂಕಿ ಓದಿದೆ: ನಮ್ಮದೇ ಬ್ಯಾಚು.
ಸುತ್ತಿಸಿದೆ. ಬಿಳಿ ಗೋಡೆಯೆದುರು ಐದು.
ಕಪ್ಪಿಗಾಗಿ ಅತ್ತಿತ್ತ ತಡಕಾಡಿದೆ.
ಅವಳಿಗೆ ಏನು ಅರ್ಥವಾಯಿತೋ,
ತನ್ನ ಅಬಾಯಾದ ತೋಳನ್ನು ಸೀಸೆಯ ಹಿಂದೆ ಹಿಡಿದಳು.
ಐದು.

ಏನೂ ಇರಲಿಲ್ಲ.
ಅಂದರೆ, ಕಾಣುವಂಥದ್ದು ಏನೂ ಇರಲಿಲ್ಲ.
ಉಳಿದದ್ದಕ್ಕೆ, ಯಾವುದೋ ರಾತ್ರಿ ಜಾರಿ ಬಿದ್ದ ಹನಿಯ ಲೆಕ್ಕದ ಕೆಳಗೆ,
ಎಡಕ್ಕೆ ವಾಲುವ ಒಂದು ಸಹಿ ಇದೆ.
ಸೀಸೆ ಹಿಂದಿರುಗಿಸಿದೆ.

ಅವಳು ಸ್ಪಿರಿಟ್ಟಿನ ಹತ್ತಿಯಲ್ಲಿ ಅವನ ತೋಳು ಒರೆಸಿದಳು.
ಮೂರನೆಯ ಹತ್ತಿಗೆ ಚರ್ಮ ಕಂಡಿತು.