ಓತಿಗೆ ಬಂಡೆ ಸಾಕ್ಷಿ

ಲಾಲ್‌ಬಾಗಿನ ಬಂಡೆ ಹತ್ತುವ ಮೊದಲು
ಶಮೀಮ್ ಮೇಡಂ ಹೇಳಿದರು:
ಚಪ್ಪಲಿ ಬಿಡಿ, ಕಾಲಿಗೂ ಗೊತ್ತಾಗಲಿ,
ಇದು ಒಂದು ಕಾಲಕ್ಕೆ ಕುದಿಯುತ್ತಿದ್ದ ಅಂಬಲಿ.

ಒಂಬತ್ತು ಜನ, ಒಂದೇ ದುರ್ಬೀನು,
ಅದಕ್ಕೆ ಶೂ ಲೇಸಿನ ದಾರ.
ನಮಗೆ ಬೇಕಿದ್ದದ್ದು ಹದ್ದು.
ಆಕಾಶ ನೋಡಿ ನೋಡಿ ಕತ್ತು ಹಿಡಿಯಿತು.

‘ಮೇಲಲ್ಲ, ಕೆಳಗೆ.’

ಬಿರುಕಿನ ಬಾಯಲ್ಲಿ ಓತಿಕ್ಯಾತ:
ಬೆನ್ನಿಗೆ ಕೆಂಡ, ಪಕ್ಕೆಗೆ ಮಸಿ.
ಎರಡು ದಂಡ ಹೊಡೆದು
ನಮ್ಮನ್ನೇ ಎಣಿಸುವಂತೆ ನಿಂತಿತು.

ಸುತ್ತ ಹಾರ್ನುಗಳ ಕಡಲು.
ಓತಿಗೆ ಬೇಲಿ ಸಾಕ್ಷಿ ಅಂತಾರೆ,
ಈ ದ್ವೀಪದಲ್ಲಿ ಬೇಲಿಯೇ ಇಲ್ಲ.

ಹುಡುಗನೊಬ್ಬ ಫೋನು ಎತ್ತಿದ,
ಅಷ್ಟರಲ್ಲಿ ಬರೀ ಬಿರುಕು.
ಎಲ್ಲರೂ ಇಳಿದ ಮೇಲೆ
ಅದು ಕೂತಿದ್ದ ಜಾಗಕ್ಕೆ ಅಂಗೈ ಇಟ್ಟೆ.

ಇನ್ನೂ ಆರಿಲ್ಲ.