ಒಂದಕ್ಕೆ ಹನ್ನೆರಡು

ಎಸ್ಟಿಮೇಟಿನಲ್ಲಿ ಬರೆದದ್ದು ಎಂಟಡಿ.
ಶ್ರೀನಿವಾಸಪುರದ ಸುತ್ತ ಇಂಥ ಇಳಿಜಾರು ಹನ್ನೊಂದು ಕಟ್ಟಿದ್ದೇನೆ ನಾನು,
ಗಾರೆ ಕೆಲಸದ ಪಿಳ್ಳಪ್ಪ:
ಶಾಲೆಗೆ, ಪಂಚಾಯ್ತಿಗೆ, ಎಲೆಕ್ಷನ್ನು ಬಂದಾಗ ಮತಗಟ್ಟೆಗೆ.
ಎಲ್ಲವೂ ಜಾರುಬಂಡೆ.
ಫೋಟೋ ತೆಗೆದರು, ಬಿಲ್ಲು ಪಾಸಾಯಿತು.
ಅವುಗಳ ಮೇಲೆ ಮೇಕೆ ಹತ್ತಿದ್ದು ನೋಡಿದ್ದೇನೆ,
ಗಾಲಿಕುರ್ಚಿ ನೋಡಿಲ್ಲ.

ರಸಮಟ್ಟದೊಳಗಿನ ಗುಳ್ಳೆ ಸುಳ್ಳು ಹೇಳುವುದಿಲ್ಲ.
ಅದನ್ನು ಚೀಲದಲ್ಲೇ ಬಿಟ್ಟು ಕೆಲಸ ಮಾಡಿದ್ದೆ, ಅಷ್ಟೆ.

ಯರ್ರಗುಂಟೆ ಶಾಲೆಗೆ ಮರಳು ಇಳಿಸಿದ ದಿನ
ಚಪ್ಪಡಿ ಜಗಲಿಯ ಕೆಳಗೆ, ಅಣ್ಣನ ಬೆನ್ನಿಂದ ಇಳಿದು
ಕೂತಿದ್ದಳು ಹಂಸವೇಣಿ, ಆರನೇ ಕ್ಲಾಸು.
ಮೂರು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಿತ್ತಂತೆ,
ಮುಂದೆ ‘ಗೃಹಾಧಾರಿತ’ ಎಂದು ಕೆಂಪು ಶಾಯಿ.
ವಾರಕ್ಕೊಮ್ಮೆ ಒಬ್ಬ ಮೇಷ್ಟ್ರು ಮನೆಗೆ ಬಂದು
ಚೆಂಡು ಕೊಟ್ಟು, ಚೆಂಡು ಇಸಕೊಂಡು,
ಸಹಿ ಹಾಕಿಸಿಕೊಂಡು ಹೋಗುತ್ತಿದ್ದರಂತೆ.

“ಎಷ್ಟುದ್ದ ಕಟ್ತೀಯ ತಾತ?”
ಎಂಟಡಿ.
“ಜಗಲಿ ಎಷ್ಟೆತ್ತರ?”
ಎರಡೂಕಾಲು.
ಬಾಯಲ್ಲೇ ಏನೋ ಗುಣಿಸಿದಳು.
“ಒಂದಕ್ಕೆ ಹನ್ನೆರಡು ಇರ್ಬೇಕು. ಆರ್ಡರಲ್ಲಿ ಐತೆ, ಮೇಡಂ ತೋರಿಸಿದ್ರು.
ಇಪ್ಪತ್ತೇಳಡಿ ಆಯ್ತು.
ಎಂಟಡೀಲಿ ಕಟ್ಟಿದ್ರೆ ನಾನು ಹಿಂದಕ್ಕೆ ಉರುಳ್ತೀನಿ.
ನಿಂಗೆ ಗೊತ್ತಲ್ವಾ?”

ಗೊತ್ತಿತ್ತು.

ಇಪ್ಪತ್ತೇಳಡಿ ದಾರ ಎಳೆದರೆ ಧ್ವಜದ ಕಟ್ಟೆಗೆ ಬಡಿಯಿತು.
ಹೆಡ್‌ಮಾಸ್ಟರು ಹೌಹಾರಿದರು. ಎಂಜಿನಿಯರು ಫೋನಿನಲ್ಲಿ:
“ಒಂದು ಮಗೂಗೆ ಇಷ್ಟೆಲ್ಲಾನಾ ಯಜಮಾನ್ರೇ?
ಹುಡುಗ್ರಿದಾರೆ, ಎತ್ಕೊಂಡು ಹೋದ್ರಾಯ್ತು.”
ಸ್ಪೀಕರು ಹಾಕಿತ್ತು. ಅವಳಿಗೂ ಕೇಳಿಸಿತು.
“ಅಕ್ಕಿ ಮೂಟೆ ಎತ್ಕೊಂಡು ಹೋಗ್ತಾರೆ” ಅಂದಳು
ಮೆಲ್ಲಗೆ, ಸೀಮೆಸುಣ್ಣ ಮುರಿಯುತ್ತ.

ಕಟ್ಟೆಯ ಹತ್ತಿರ ಬಳಸಿದೆ. ಬಳಸುವಲ್ಲಿ ಐದಡಿ ಸಮತಟ್ಟು,
ಗಾಲಿ ತಿರುಗಬೇಕಲ್ಲ.
ವಿಮಲಾಕ್ಷಿ ಮೇಡಂ ಸಿಮೆಂಟು ತರಿಸಿದರು,
ರುಕ್ಸಾನಳ ಅಪ್ಪ ಒಂದು ಟ್ರ್ಯಾಕ್ಟರು ಜಲ್ಲಿ.
ದಾನ ಅಲ್ಲ ಅದು. ಹಿಂಬದಿಯ ಗೋಡೆಗೆ,
ಗಾರೆ ಹಸಿಯಿದ್ದಾಗಲೇ, ಮೊಳೆಯಿಂದ ಗೀಚಿಟ್ಟಿದ್ದೇನೆ:
ಸರ್ಕಾರದ ಬಾಕಿ, ಹತ್ತೊಂಬತ್ತಡಿ.

“ಪುಣ್ಯ ಕಟ್ಕೊಂಡೆ ಕಣಯ್ಯ” ಅಂದರು ಊರವರು.
ಅದೇ ಜಗಲಿಗೆ ನಾಲ್ಕು ಮೆಟ್ಟಿಲು ಕಟ್ಟಿದವನೂ ನಾನೇ,
ಇಪ್ಪತ್ತು ವರ್ಷದ ಹಿಂದೆ, ನಡೆಯುವವರಿಗೆ.
ಆಗ ಯಾರೂ ಪುಣ್ಯದ ಮಾತೆತ್ತಿರಲಿಲ್ಲ.
ಶಾಲೆ ಅಂದಮೇಲೆ ಮೆಟ್ಟಿಲು ಇರಬೇಕು, ಅಂದಿದ್ದರು.

ಈಗ ಗ್ಯಾಸಿನ ಸಿಲಿಂಡರು ಅದರ ಮೇಲೇ ಉರುಳುತ್ತದೆ.
ಬಿಸಿಯೂಟದ ರಾಮಕ್ಕ ಮಂಡಿ ಹಿಡಿದುಕೊಳ್ಳದೆ ಹತ್ತುತ್ತಾಳೆ.
ಸಮತಟ್ಟಿನಲ್ಲಿ ಹುಡುಗರು ಗೋಲಿ ಹರಡಿ
ಹಂಸವೇಣಿಯ ಕೈಲಿ ಬೈಸಿಕೊಳ್ಳುತ್ತಾರೆ; ಬಾಯಿ ಜೋರು ಅವಳದು.
ಹೋಮ್‌ವರ್ಕ್ ಮಾಡಲಿಲ್ಲವೆಂದು ಮೊನ್ನೆ
ಅವಳನ್ನೂ ಕ್ಲಾಸಿಂದ ಆಚೆ ಹಾಕಿದರಂತೆ, ಆರು ಜನರ ಜೊತೆ.
ಹೇಳುವಾಗ ಹಲ್ಲೆಲ್ಲ ಕಾಣುತ್ತಿದ್ದವು.

ನನ್ನ ಮನೆಯ ಹೊಸ್ತಿಲು ಒಂಬತ್ತಿಂಚು.
ಅದರ ಒಳಗೆ ತಮ್ಮ ಮುನಿವೆಂಕಟ ಮೂವತ್ತೊಂದು ವರ್ಷ ಕೂತಿದ್ದ,
ಆಚೆ ಬೀದಿಯ ಸ್ಕೂಲಿನ ಗಂಟೆ ಎಣಿಸುತ್ತ.
ಎಣಿಸುವುದೊಂದೇ ಅವನು ಕಲಿತದ್ದು.
ಜಾಗ ಇಲ್ಲ ಅನ್ನುತ್ತಿದ್ದೆ ನಾನು, ಕೇಳಿದವರಿಗೆ;
ಅವನು ಕೇಳಿರಲಿಲ್ಲ.

ಒಂಬತ್ತಿಂಚಿಗೆ ಒಂಬತ್ತಡಿ ಸಾಕು.
ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಟೇಪು ಎಳೆದೆ.
ಹೊಸ್ತಿಲಿಂದ ಬೀದಿಗೆ
ಹದಿನಾಲ್ಕಡಿ ಇತ್ತು.