ಗೆರಸಿಯಲ್ಲಿ ಅರವತ್ತೆಂಟು

ಹೇರಾಡಿಯ ಬೈಲಿಗೆ ಯಂತ್ರ ಇಳಿದದ್ದು ಬೆಳಿಗ್ಗೆ ಎಂಟಕ್ಕೆ.
ಗದ್ದೆಗೆ ಗುಂಟಿ ಬೀಳದ ಹಾಗೆ ಚೈನಿನ ಚಕ್ರ,
ಗಂಟೆಗೆ ಎರಡೂವರೆ ಸಾವಿರ.
ಓಡಿಸುವವನು ಆತ್ತೂರು ಕಡೆಯ ಚಿನ್ನದುರೈ,
ಕೊರಳಲ್ಲಿ ಒದ್ದೆ ಟವೆಲು, ಕಿವಿಯಲ್ಲಿ ಹತ್ತಿ.
ನಾನು ಹುಣಿಯ ಮೇಲೆ, ಕೈಯಲ್ಲಿ ಗಡಿಯಾರ,
ಚೀಟಿಯಲ್ಲಿ ದಾರಕ್ಕನ ಹೆಸರು ಮೊದಲು, ಆಮೇಲೆ ನನ್ನದು.

'ಇಬ್ಬನಿ ಆರ್ಲಿ' ಎಂದಳು ದಾರಕ್ಕ.
ಅವನಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು.
ಗಂಟೆ ಓಡುತ್ತಿತ್ತು.

ಎರಡು ಸುತ್ತು ಮುಗಿಯುವಾಗ
ಅವಳು ಸೆರಗು ಬಿಗಿದು ಗದ್ದೆಗಿಳಿದಳು,
ಕಂಕುಳಲ್ಲಿ ಸೆಗಣಿ ಸಾರಿಸಿದ ಗೆರಸಿ.
ಹುಲ್ಲು ಉಗುಳುವ ಬಾಯಿಯ ಹಿಂದೆ ಹಿಂದೆ ನಡೆದು
ಗೆರಸಿಯನ್ನು ನೆಲಕ್ಕಿಟ್ಟು ಪಕ್ಕಕ್ಕೆ ಸರಿದಳು.
ಹೊಟ್ಟು ಬಿತ್ತು, ಹುಲ್ಲು ಬಿತ್ತು,
ಟಿಪಿಟಿಪಿ ಎಂದು ಇನ್ನೊಂದು ಸದ್ದೂ ಬಿತ್ತು.
ಎಂಜಿನ್ನಿನ ಆ ಬೊಬ್ಬೆಯೊಳಗೆ
ಅದು ಕೇಳಿಸಿದ್ದು ಅವಳೊಬ್ಬಳಿಗೆ.

'ಹ್ವಾಯ್, ನಿಲ್ಸಿ ಕಾಂಬ!'

ಅರವತ್ತೆಂಟು ಕಾಳು.
ಎಣಿಸಿದ್ದು ಮಾತ್ರವಲ್ಲ, ಮೂರು ಪಾಲು ಮಾಡಿದಳು
ಮೂಗುಬೊಟ್ಟಿನಷ್ಟು ಸಣ್ಣ ರಾಶಿಗಳಾಗಿ.
ನಲವತ್ತೊಂದು ಇಡೀ ಕಾಳು: ಇದು ಗಾಳಿಯ ತಪ್ಪು,
ಜೊಳ್ಳಿನ ಜೊತೆ ಗಟ್ಟಿಯನ್ನೂ ಹಾರಿಸಿದ್ದು.
ಹತ್ತೊಂಬತ್ತು ತೆನೆ ಬಿಡದೆ ಕೂತವು: ಪೆಟ್ಟು ತಾಗಲಿಲ್ಲ.
ಎಂಟು ಒಡೆದವು: ತಾಗಿದ್ದು ಜೋರಾಯಿತು.
'ಗಾಳಿ ಹೀಂಗ್ ಹಿಡೀಕ್' ಎಂದು
ಗೆರಸಿ ಎತ್ತಿ ಒಂದು ಬಾರಿ ಕೇರಿ ತೋರಿಸಿದಳು;
ಹೊಟ್ಟು ಅಂಚು ದಾಟಿತು, ಕಾಳು ಅಂಚಿಗೆ ಬಂದು ತಿರುಗಿತು.

ಚಿನ್ನದುರೈ ನಗಲಿಲ್ಲ.
ಬೀಡಿ ಆರಿಸಿ, ಪಾನಾ ಹಿಡಿದು ಕೆಳಗೆ ನುಸುಳಿದ.
ಫ್ಯಾನಿನ ಬಾಗಿಲು ಎರಡು ಬೆರಳು ಮುಚ್ಚಿದ,
ಡ್ರಮ್ಮಿನ ಓಟ ತಗ್ಗಿಸಿ ಜಾಲರಿಯನ್ನು ಹತ್ತಿರಕ್ಕೆ ತಂದ,
ಜರಡಿಗೆ ಮೆತ್ತಿದ ಹಸಿ ಹುಲ್ಲನ್ನು ಉಗುರಲ್ಲಿ ಕೆರೆದ.
ಅಷ್ಟರಲ್ಲಿ ಹತ್ತು ಗಂಟೆ. ಇಬ್ಬನಿ ತಾನಾಗಿ ಆರಿತ್ತು.
ಮೊದಲ ಗೇರಿನಲ್ಲಿ, ಬಸುರಿ ನಡೆದ ಹಾಗೆ
ಯಂತ್ರ ಮತ್ತೆ ಹೊರಟಿತು.

ಈ ಸಲ ಹನ್ನೊಂದು.

'ಇನ್ನೂ ಕಮ್ಮಿ ಮಾಡಲಾ?' ಅವನ ಕೈಸನ್ನೆ.
'ಬ್ಯಾಡ. ಸೊನ್ನೆ ಮಾಡೂಕ್ ಹೋರೆ
ಭತ್ತ ನಂಗೆ, ದುಡ್ಡ್ ನಿಂಗೆ.'

ಆಮೇಲೆ ಹುಣಿಯಲ್ಲಿ ಕೂತು, ವೀಳ್ಯಕ್ಕೆ ಸುಣ್ಣ ಸವರುತ್ತ,
ಯಾರನ್ನೂ ನೋಡದೆ ಹೇಳಿದಳು:
ಹಡಿಮಂಚಕ್ಕೆ ಸೂಡಿ ಬಡಿಯುವ ಕಾಲದಲ್ಲಿ
ಒಂದು ಸೂಡಿಗೆ ನಾಲ್ಕು ಪೆಟ್ಟು, ಧಣಿಗಳ ಲೆಕ್ಕ.
ಅವರು ಎಲೆಯಡಿಕೆ ಉಗುಳಲು ಆಚೆ ತಿರುಗಿದರೆ
ನಾವು ಹೆಂಗಸರು ಮೂರೇ ಬಡಿಯುತ್ತಿದ್ದೆವು.
ನಾಲ್ಕನೆಯದು ಹುಲ್ಲಿನೊಳಗೆ ಉಳಿಯುತ್ತಿತ್ತು.
ಹುಲ್ಲು ಕೊಡವುವ ಕೆಲಸ ರಾತ್ರಿಯದು,
ಅದು ನಮ್ಮದು, ಅದಕ್ಕೆ ದೀಪ ಇರಲಿಲ್ಲ.
ಒಂದು ಸುಗ್ಗಿಗೆ ಹೆಚ್ಚೆಂದರೆ ಒಂದು ಕಳಸಿಗೆ.

'ನಷ್ಟ ಅಂದ್ರೆ ಎಂತ ಅಂತ
ನಂಗ್ ಎರಡೂ ಬದಿಯಿಂದ ಗೊತ್ತಿತ್.'

ಆ ಧಣಿ ನನ್ನ ಅಜ್ಜ.
ಈ ಗದ್ದೆ ಡಿಕ್ಲರೇಶನ್ನಿನಲ್ಲಿ ಅವಳಿಗೆ ಹೋದದ್ದು.
ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.
ಚೀಟಿಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ಬರೆದೆ,
ರಿಪೇರಿಯ ಹೊತ್ತು ಕಳೆದು.

ತಿರುಗಲಾಗದ ಮೂಲೆಯ ನಾಲ್ಕು ಸೂಡಿಯನ್ನು
ಅವಳು ಕತ್ತಿಯಲ್ಲೇ ಕೊಯ್ದಳು.
ಯಂತ್ರ ತೋಡು ದಾಟಿ ನನ್ನ ಗದ್ದೆಗೆ ಬಂತು,
ಅಲ್ಲಿ ಪೈರು ಸ್ವಲ್ಪ ಒರಗಿದೆ, ನೆಲ ಇನ್ನೂ ಜೌಗು;
ಈಗ ತಿರುಗಿಸಿದ್ದೆಲ್ಲ ಮತ್ತೆ ತಿರುಗಿಸಬೇಕು.
ಗೆರಸಿಯನ್ನು ನನ್ನ ಕೈಗೆ ಕೊಟ್ಟಳು.

ಇಟ್ಟೆ. ಬಿತ್ತು. ಕುಕ್ಕರಗಾಲಲ್ಲಿ ಕೂತು ಎಣಿಸಿದೆ.
ಇಪ್ಪತ್ತಮೂರಕ್ಕೆ ತಪ್ಪಿತು.
ಹುಣಿಯ ಮೇಲಿಂದ,
ಎಲೆ ತುಂಬಿದ ಬಾಯಲ್ಲೇ, ಅವಳು:
'ಸುರುವಿಂದ.'